ಮನೆಯ ಸುತ್ತಲಿನ ಹಕ್ಕಿಗಳನ್ನು ಗುರುತಿಸಲು ಎಲ್ಲಿಂದ ಆರಂಭಿಸಬೇಕು?

ಹೊಸನೋಟ (ಮೈಸೂರು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಕ್ಕರಹಳ್ಳಿ ಕೆರೆಗೆ ಹತ್ತಿರ. ಬೆಳಗ್ಗೆ ಏರಿಯ ಮೇಲೆ ನಡೆಯುವಾಗ ದೊಡ್ಡ ಕ್ಯಾಮೆರಾ ಹಿಡಿದವರು, ಕೊರಳಿಗೆ ದುರ್ಬೀನು ಹಾಕಿಕೊಂಡವರು ಕಾಣುತ್ತಾರೆ. ಅವರು ಮರವೊಂದರ ಕೆಳಗೆ ನಿಂತು ನಾಲ್ಕಾರು ಹಕ್ಕಿಗಳ ಹೆಸರು ಹೇಳುತ್ತಾರೆ. ನನಗೆ ಅಲ್ಲಿ ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ನಾನೂ ಕಲಿಯಬೇಕೆಂಬ ಆಸೆ ಬಲವಾಗಿದೆ. ಮೊದಲು ಪುಸ್ತಕ ಕೊಳ್ಳಲೇ, ಕ್ಯಾಮೆರಾ ಕೊಳ್ಳಲೇ, ಮೊಬೈಲ್ ಆ್ಯಪ್ ಸಾಕೇ?

ಜೊತೆಗೆ ಒಂದು ನಿರ್ದಿಷ್ಟ ಪ್ರಶ್ನೆ. ನಮ್ಮ ತಾರಸಿಯ ನೀರಿನ ತೊಟ್ಟಿಯ ಮೇಲೆ ದಿನವೂ ಒಂದು ಕಪ್ಪು ಬಿಳುಪಿನ ಹಕ್ಕಿ ಬಂದು ಕೂರುತ್ತದೆ. ತಲೆ, ಎದೆ ಕಪ್ಪು, ಹೊಟ್ಟೆ ಬಿಳಿ. ತುಂಬ ಇಂಪಾಗಿ ಹಾಡುತ್ತದೆ. ನನ್ನ ತಾಯಿ ಅದನ್ನು ಮಡಿವಾಳ ಹಕ್ಕಿ ಎನ್ನುತ್ತಾರೆ, ಎದುರು ಮನೆಯವರು ಅಲ್ಲ ಎನ್ನುತ್ತಾರೆ. ಯಾವುದು ಸರಿ?

ಕೆರೆಏರಿ (ಮಂಡ್ಯ):

ಹೊಸನೋಟ ಅವರೇ, ಕರ್ನಾಟಕದಲ್ಲಿ ಈವರೆಗೆ ಕಂಡಿರುವ ಹಕ್ಕಿ ಪ್ರಭೇದಗಳು ಐನೂರಕ್ಕೂ ಹೆಚ್ಚು. ಪುಸ್ತಕ ತೆರೆದ ಕೂಡಲೇ ಅಷ್ಟೂ ಕಣ್ಣೆದುರು ಬಂದರೆ ಹೊಸಬರು ಕಂಗಾಲಾಗುತ್ತಾರೆ. ಆದ್ದರಿಂದ ಕೊಳ್ಳುವ ವಿಚಾರ ಸ್ವಲ್ಪ ದಿನ ಪಕ್ಕಕ್ಕಿಡಿ. ನಿಮಗೆ ಈಗಾಗಲೇ ಗೊತ್ತಿರುವ ಹಕ್ಕಿಗಳನ್ನೇ ಅಳತೆಗೋಲು ಮಾಡಿಕೊಳ್ಳಿ. ಗುಬ್ಬಚ್ಚಿ ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 15 ಸೆಂ.ಮೀ., ಪಿಕಳಾರ 20, ಗೊರವಂಕ 23ರ ಆಸುಪಾಸು, ಊರ ಕಾಗೆ 40ರ ಹತ್ತಿರ. ಹೊಸ ಹಕ್ಕಿ ಕಂಡಾಗ ಮೊದಲ ಪ್ರಶ್ನೆ ಇದೇ: ಗುಬ್ಬಿಗಿಂತ ದೊಡ್ಡದೋ, ಗೊರವಂಕಕ್ಕಿಂತ ಚಿಕ್ಕದೋ?

ಆಮೇಲೆ ಕೊಕ್ಕು. ಕಾಳು ಒಡೆಯುವ ಮೊಂಡು ಕೊಕ್ಕೋ, ಹುಳು ಹೆಕ್ಕುವ ಸಣ್ಣ ಕೊಕ್ಕೋ, ಹೂವಿನೊಳಗೆ ಇಳಿಯುವ ಬಾಗಿದ ಕೊಕ್ಕೋ? ಬಾಲ ಉದ್ದವೋ ಗಿಡ್ಡವೋ, ಎತ್ತಿ ನಿಲ್ಲಿಸಿಕೊಂಡಿತ್ತೋ ಇಳಿಬಿಟ್ಟಿತ್ತೋ? ಎಲ್ಲಿ ಕೂತಿತ್ತು: ತಂತಿಯ ಮೇಲೋ, ಪೊದೆಯೊಳಗೋ, ನೆಲದಲ್ಲೋ? ಏನು ಮಾಡುತ್ತಿತ್ತು? ಬಣ್ಣವನ್ನು ಕೊನೆಗೆ ಕೇಳಿಕೊಳ್ಳಿ. ಬೆಳಕಿಗೆ ಅಡ್ಡಲಾಗಿ ಕೂತ ಹಸಿರು ಗಿಳಿಯೂ ಕಪ್ಪಾಗಿಯೇ ಕಾಣುತ್ತದೆ. ಬಣ್ಣವನ್ನಷ್ಟೇ ನಂಬಿದರೆ ಗಂಡು ಕೋಗಿಲೆ, ಕಾಜಾಣ, ಕಾಗೆ, ಕೆಂಬೂತ ನಾಲ್ಕೂ 'ಕಪ್ಪು ಹಕ್ಕಿ'ಗಳೇ. ನಡತೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಕಾಜಾಣ ತಂತಿಯ ಮೇಲೆ ಕೂತು, ಹಾರುವ ಕೀಟವನ್ನು ಗಾಳಿಯಲ್ಲೇ ಹಿಡಿದು ಮರಳಿ ಅಲ್ಲಿಗೇ ಬರುತ್ತದೆ. ಕೆಂಬೂತ ಬೇಲಿಯ ಬುಡದಲ್ಲಿ ನಡೆದಾಡುತ್ತದೆ. ಕೋಗಿಲೆ ಎಲೆಗಳ ನಡುವಿನಿಂದ ಹೊರಗೆ ಬರುವುದೇ ಅಪರೂಪ.

ನಿಮ್ಮ ತಾರಸಿಯ ಹಕ್ಕಿಯ ಬಗ್ಗೆ ನನಗೆ ಎರಡು ಅನುಮಾನಗಳಿವೆ. ಹೆಸರು ಈಗಲೇ ಹೇಳುವುದಿಲ್ಲ, ನೀವೇ ನೋಡಿ ಬನ್ನಿ. ಅದು ಕುಪ್ಪಳಿಸುತ್ತದೋ, ಒಂದರ ಹಿಂದೆ ಒಂದು ಕಾಲಿಟ್ಟು ನಡೆಯುತ್ತದೋ? ಬಾಲವನ್ನು ಬೆನ್ನಿನ ಮೇಲಕ್ಕೆ ನಿಮಿರಿಸುತ್ತದೋ, ಬಿಡುವಿಲ್ಲದೆ ಮೇಲೆ ಕೆಳಗೆ ಅಲ್ಲಾಡಿಸುತ್ತದೋ? ಕಣ್ಣಿನ ಮೇಲೆ ಏನಾದರೂ ಗುರುತಿದೆಯೇ?

ಮಸೂರ (ಬೆಂಗಳೂರು):

ಕೆರೆಏರಿ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಕ್ಯಾಮೆರಾದ ಪರವಾಗಿ ಒಂದು ಮಾತು. ಹಕ್ಕಿ ಎರಡು ಕ್ಷಣ ಕಾಣುತ್ತದೆ, ಹಾರಿಹೋಗುತ್ತದೆ. ಹೊಸಬರಿಗೆ ಅಷ್ಟರಲ್ಲಿ ಕೊಕ್ಕು, ಹುಬ್ಬು, ಕಾಲಿನ ಬಣ್ಣ ಎಲ್ಲವನ್ನೂ ಹಿಡಿಯಲಾಗುವುದಿಲ್ಲ. ಮಸುಕಾದ ಒಂದು ಚಿತ್ರವಿದ್ದರೂ ಮನೆಯಲ್ಲಿ ಕೂತು ದೊಡ್ಡದು ಮಾಡಿ ನೋಡಬಹುದು, ಬಲ್ಲವರನ್ನು ಕೇಳಬಹುದು. ಚಳಿಗಾಲದಲ್ಲಿ ಬರುವ ಎಲೆಯುಲಿಯಕ್ಕಿಗಳಂತಹ ಒಂದೇ ಬಣ್ಣದ ಪುಟ್ಟ ಹಕ್ಕಿಗಳನ್ನು ನಾನು ಕಲಿತದ್ದು ಚಿತ್ರಗಳಿಂದಲೇ. ದುಬಾರಿ ಲೆನ್ಸ್ ಬೇಕಿಲ್ಲ, ಜೂಮ್ ಇರುವ ಸಾಧಾರಣ ಕ್ಯಾಮೆರಾ ಸಾಕು.

ಕೆರೆಏರಿ:

ಮಸೂರ ಅವರೇ, ದಾಖಲೆಗೆ ಕ್ಯಾಮೆರಾ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ನನ್ನ ಆತಂಕ ಕಲಿಕೆಯ ಆರಂಭದ ಬಗ್ಗೆ ಮಾತ್ರ. ಕ್ಯಾಮೆರಾ ಹಿಡಿದವನು ಬೆಳಕು, ಫೋಕಸ್ ಎಂದು ಹೊಂದಿಸುವುದರಲ್ಲೇ ಮುಳುಗುತ್ತಾನೆ. ಚಿತ್ರ ಸಿಕ್ಕ ಕೂಡಲೇ ಮುಂದಿನ ಹಕ್ಕಿಯ ಕಡೆಗೆ ನಡೆಯುತ್ತಾನೆ. ದುರ್ಬೀನು ಹಿಡಿದವನಿಗೆ ನೋಡುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಹಕ್ಕಿ ಹುಳುವನ್ನು ಕೊಂಬೆಗೆ ಬಡಿಯುವುದು, ಜೊತೆಗಾರ್ತಿಗೆ ತುತ್ತು ಕೊಡುವುದು, ಗರಿ ತೀಡಿಕೊಳ್ಳುವುದು ಇವೆಲ್ಲ ಅವನಿಗೆ ದಕ್ಕುತ್ತವೆ.

ದುರ್ಬೀನು ಕೊಳ್ಳುವವರಿಗೆ: ಅದರ ಮೇಲೆ 8x42 ಎಂದು ಬರೆದಿದ್ದರೆ 8 ಎಂಬುದು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬ ಲೆಕ್ಕ, 42 ಎಂಬುದು ಮುಂದಿನ ಗಾಜಿನ ವ್ಯಾಸ, ಮಿ.ಮೀ.ಗಳಲ್ಲಿ. ಹತ್ತು ಪಟ್ಟಿನದ್ದು ಹೆಚ್ಚು ಒಳ್ಳೆಯದೆಂದು ಅನೇಕರು ಭಾವಿಸುತ್ತಾರೆ. ಕೈ ನಡುಗಿದರೆ ಅದರಲ್ಲಿ ನಡುಕವೂ ಹೆಚ್ಚು ಕಾಣುತ್ತದೆ, ನೋಟದ ಹರವೂ ಸಾಮಾನ್ಯವಾಗಿ ಕಿರಿದು. ಮರದಲ್ಲಿ ಓಡಾಡುವ ಹಕ್ಕಿಯನ್ನು ಹಿಡಿಯಲು ಎಂಟೇ ಅನುಕೂಲ. ಅಂಗಡಿಯಿಂದ ತಂದವರು ಬಹಳ ಮಂದಿ ಒಂದು ಕೆಲಸ ಮಾಡುವುದಿಲ್ಲ: ಬಲಗಣ್ಣಿನ ಕಡೆಯ ಉಂಗುರವನ್ನು ಹೊಂದಿಸಿಕೊಳ್ಳುವುದು. ಬಲಭಾಗದ ಗಾಜು ಮುಚ್ಚಿ, ದೂರದ ಒಂದು ಫಲಕವನ್ನು ಎಡಗಣ್ಣಿನಿಂದ ನೋಡುತ್ತ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಭಾಗ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಉಂಗುರವನ್ನಷ್ಟೇ ತಿರುಗಿಸಿ ಅದೇ ಫಲಕವನ್ನು ಸ್ಪಷ್ಟ ಮಾಡಿಕೊಳ್ಳಿ. ಇಷ್ಟು ಮಾಡದಿದ್ದರೆ ಎಷ್ಟು ಒಳ್ಳೆಯ ದುರ್ಬೀನಿನಲ್ಲೂ ತಲೆನೋವು ಬರಬಹುದು.

ಹಕ್ಕಿ ಕಂಡಾಗ ಕಣ್ಣನ್ನು ಅದರಿಂದ ಕೀಳದೆ ದುರ್ಬೀನನ್ನೇ ಕಣ್ಣಿಗೆ ತನ್ನಿ. ಕೆಳಗೆ ನೋಡಿ, ದುರ್ಬೀನು ಎತ್ತಿ, ಮತ್ತೆ ಹುಡುಕಲು ಹೋದರೆ ಹಕ್ಕಿ ಸಿಗುವುದಿಲ್ಲ.

ತುಂಗಾತೀರ (ತೀರ್ಥಹಳ್ಳಿ):

ನಮ್ಮ ಮಲೆನಾಡಿನಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಇಲ್ಲಿನ ಮರಗಳ ಎತ್ತರಕ್ಕೆ ಹಕ್ಕಿ ಕಾಣುವುದು ಕಡಿಮೆ, ಕೇಳುವುದು ಹೆಚ್ಚು. 'ಕುಟ್ರೂ ಕುಟ್ರೂ' ಎಂದು ಹಗಲಿಡೀ ಕೂಗುವ ಕುಟ್ರ ಹಕ್ಕಿಯನ್ನು ಕೇಳದವರು ಇಲ್ಲಿ ಯಾರೂ ಇಲ್ಲ. ಕಣ್ಣಾರೆ ಕಂಡವರನ್ನು ಕೇಳಿದರೆ ಕೈ ಎತ್ತುವವರು ಕೆಲವರೇ. ಮೈ ಪೂರ್ತಿ ಹಸಿರು, ತಲೆ ಕಂದು ಗೆರೆಗಳದು, ಕೆನ್ನೆ ಬಿಳಿ. ಎಲೆಗಳ ನಡುವೆ ಅಲುಗಾಡದೆ ಕೂತರೆ ದುರ್ಬೀನಿಗೂ ಸಿಗುವುದಿಲ್ಲ. ಇದರ ಬಂಧು ಕಂಚುಗಾರ ಹಕ್ಕಿ ಮೈಸೂರಿನಲ್ಲೂ ಇದೆ. ಲೋಹದ ಮೇಲೆ ಸುತ್ತಿಗೆ ತಟ್ಟಿದಂತೆ ಒಂದೇ ಲಯದಲ್ಲಿ 'ಟಕ್ ಟಕ್ ಟಕ್' ಎನ್ನುತ್ತದೆ. ಕೂಗುವಾಗ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ದನಿ ಬೇರೆ ಬೇರೆ ದಿಕ್ಕಿನಿಂದ ಬಂದಂತೆ ಭಾಸವಾಗುತ್ತದೆ. ಒಣಗಿದ ತುದಿ ಕೊಂಬೆಗಳನ್ನು ಹುಡುಕಿ. ಹಣೆಯ ಕೆಂಪು, ಕಣ್ಣಿನ ಸುತ್ತಲಿನ ಹಳದಿ ಕಂಡ ಮೇಲೆ ಮರೆಯಲಾರಿರಿ.

ದನಿಯಿಂದ ಗುರುತಿಸಲು ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ್ದು. ಭಾರತದ ಹಕ್ಕಿಗಳ ಕಡತವನ್ನು ಮೊದಲೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ಆದರೆ ಅದು ಹೇಳಿದ್ದನ್ನು ತೀರ್ಪು ಎಂದು ತಿಳಿಯಬೇಡಿ. ನಮ್ಮ ಕಾಡಿನ ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಅಚ್ಚುಕಟ್ಟಾಗಿ ಅನುಕರಿಸುತ್ತದೆ, ಬೇಟೆ ಹಕ್ಕಿಗಳದ್ದನ್ನೂ ಬಿಡುವುದಿಲ್ಲ. ಎಲೆಹಕ್ಕಿಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಆ್ಯಪ್ ಬಿಜ್ಜು ಎಂಬ ಬೇಟೆ ಹಕ್ಕಿಯ ಹೆಸರು ತೋರಿಸಿದಾಗ ಮರದ ಮೇಲೆ ಕೂತಿರುವುದು ಭೀಮರಾಜನೇ ಇರಬಹುದು. ಆ್ಯಪ್ ಹೆಸರು ಕೊಟ್ಟ ಮೇಲೆ ಹಕ್ಕಿಯನ್ನು ಕಣ್ಣಿಂದ ಹುಡುಕಿ, ಆಗ ಮಾತ್ರ ಬರೆದುಕೊಳ್ಳಿ.

ಮಳೆಗಾಲದಲ್ಲಿ ಈ ಕಡೆ ಬಂದರೆ ನಸುಕಿಗೆ ಮುಂಚೆ ಹಳ್ಳದ ಬದಿಗೆ ಹೋಗಿ. ಸಿಳ್ಳಾರದ ಹಾಡು, ಮನುಷ್ಯರು ಗುರಿಯಿಲ್ಲದೆ ಹಾಕುವ ಸಿಳ್ಳೆಯ ಹಾಗೆ ಏರುತ್ತ ಇಳಿಯುತ್ತ ಸಾಗುತ್ತದೆ. ಅದಕ್ಕೆ ಯಾವ ಆ್ಯಪ್ ಕೂಡ ಬೇಕಿಲ್ಲ.

ಹೊಸನೋಟ:

ಕೆರೆಏರಿ ಅವರೇ, ನೋಡಿಕೊಂಡು ಬಂದೆ. ಕುಪ್ಪಳಿಸುವುದಿಲ್ಲ, ತೊಟ್ಟಿಯ ಅಂಚಿನಲ್ಲಿ ಪುಟ್ಟ ಹೆಜ್ಜೆ ಹಾಕುತ್ತ ಓಡುತ್ತದೆ. ನಿಂತಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಕಣ್ಣಿನ ಮೇಲೆ ಸ್ಪಷ್ಟವಾದ ಬಿಳಿ ಗೆರೆ ಇದೆ, ಕೊಕ್ಕಿನಿಂದ ತಲೆಯ ಹಿಂಭಾಗದ ತನಕ. ಹಾರುವಾಗ ಅಲೆಯಂತೆ ಏರಿಳಿಯುತ್ತ ಹೋಯಿತು.

ಕೆರೆಏರಿ:

ಹಾಗಾದರೆ ಅದು ಬಿಳಿಹುಬ್ಬಿನ ಸಿಪಿಲೆ, ಕೆಲವು ಕಡೆ ಕುಂಡೆಕುಸ್ಕ ಎನ್ನುತ್ತಾರೆ. ಮಡಿವಾಳ ಹಕ್ಕಿಗೆ ಬಿಳಿ ಹುಬ್ಬಿಲ್ಲ, ಅದು ನೆಲದಲ್ಲಿ ಕುಪ್ಪಳಿಸುತ್ತದೆ, ಬಾಲವನ್ನು ಬೆನ್ನಿನ ಮೇಲಕ್ಕೆ ನಿಮಿರಿಸುತ್ತದೆ. ಎರಡಕ್ಕೂ ತಲೆ ಎದೆ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯಲ್ಲಿ ಬಿಳಿ ಪಟ್ಟೆ. ಎರಡೂ ಚೆನ್ನಾಗಿ ಹಾಡುತ್ತವೆ. ನಿಮ್ಮ ತಾಯಿಯವರ ಊಹೆಗೆ ಅರ್ಥವಿದೆ. ಸಿಪಿಲೆಗಳಲ್ಲಿ ನಮ್ಮಲ್ಲೇ ವರ್ಷವಿಡೀ ನೆಲೆಸಿರುವುದು ಇದೊಂದೇ. ಹೊಟ್ಟೆ ಹಳದಿಯ ಬೂದು ಸಿಪಿಲೆ ಚಳಿಗಾಲದ ವಲಸೆಗಾರ. ಸೆಪ್ಟೆಂಬರ್‌ ಹೊತ್ತಿಗೆ ಮಲೆನಾಡಿನ ತೊರೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಗಮನಿಸಿ, ನೀವು ಇದನ್ನು ಗುರುತಿಸಿದ್ದು ಪುಸ್ತಕವಿಲ್ಲದೆ, ಆ್ಯಪ್ ಇಲ್ಲದೆ. ನಡಿಗೆ, ಬಾಲ, ಹುಬ್ಬು ನೋಡಿದಿರಿ, ಅಷ್ಟೇ.

ಬಯಲುಸೀಮೆ (ಗದಗ):

ಎಲ್ಲರೂ ಕೆರೆ, ಕಾಡು ಎನ್ನುತ್ತಿದ್ದೀರಿ. ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಿ. 'ನಮ್ಮದು ಬರೀ ಬಯಲು, ಇಲ್ಲೇನು ಹಕ್ಕಿ ಇದ್ದಾವು' ಎಂದು ಇಲ್ಲಿನವರೇ ಹೇಳುವುದನ್ನು ಕೇಳಿದರೆ ಸಂಕಟವಾಗುತ್ತದೆ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದು ನೋಡಿ. ಮಧ್ಯ ಏಷ್ಯಾದ ಎತ್ತರದ ಪ್ರಸ್ಥಭೂಮಿಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆ; ಗುರುತಿಸಲು ಹೊಸಬರಿಗೂ ಕಷ್ಟವಿಲ್ಲ. ಕೆರೆಯಲ್ಲಿ ವಿಶ್ರಮಿಸಿ, ಮೇವಿಗೆ ಸುತ್ತಲಿನ ಹೊಲಗಳಿಗೆ ಹೋಗುತ್ತವೆ. 2024ರಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ, ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿದವು. ಅದಕ್ಕೆ ಮುಂಚೆ ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಮಾತ್ರ.

ಕೆರೆ ಬಿಡಿ, ಬರಡು ನೆಲವೆಂದು ಕರೆಸಿಕೊಳ್ಳುವ ಜಾಗದಲ್ಲಿಯೇ ನೋಡುವುದಕ್ಕೆ ಬೇಕಾದಷ್ಟಿದೆ. ಟಿಟ್ಟಿಭ ಎಲ್ಲರಿಗೂ ಗೊತ್ತು. ಕಣ್ಣಿನ ಮುಂದೆ ಕೆಂಪು ಚರ್ಮವಿರುವುದು ನೀರಿನ ಬದಿಯಲ್ಲಿ ಹೆಚ್ಚು. ಒಣ ಬಯಲಿನಲ್ಲಿ ಇನ್ನೊಂದಿದೆ: ಹಳದಿ ಚರ್ಮ, ಕಪ್ಪು ಟೋಪಿ, ಹಳದಿ ಕಾಲು. ಬೇಸಿಗೆಯಲ್ಲಿ ಬರೀ ನೆಲದ ಮೇಲೆ, ನಾಲ್ಕು ಹರಳುಗಳ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣಿನದೇ. ಒಂದು ಮಾರು ದೂರದಲ್ಲಿ ನಿಂತರೂ ಕಾಣುವುದಿಲ್ಲ. ಬಿಸಿಲು ಏರಿದಾಗ ತಾಯಿ ತಂದೆ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತವೆ. ಇಂತಹ ಜಾಗದ ಮೇಲೆ ಮೋಜಿಗೆ ಬೈಕು ಓಡಿಸುವವರಿಗೆ ತಮ್ಮ ಚಕ್ರದ ಕೆಳಗೆ ಏನಿದೆ ಎಂಬುದು ಗೊತ್ತೇ ಆಗುವುದಿಲ್ಲ. ದಯವಿಟ್ಟು ಮಾರ್ಚಿಯಿಂದ ಮೇವರೆಗೆ ಹುಲ್ಲುಗಾವಲಿನಲ್ಲಿ ಕಾಲುದಾರಿ ಬಿಟ್ಟು ಇಳಿಯಬೇಡಿ. ಟಿಟ್ಟಿಭ ತಲೆಯ ಮೇಲೆ ಹಾರಾಡುತ್ತ ಕಿರುಚಿದರೆ ಗೂಡು ಹತ್ತಿರವಿದೆ ಎಂದು ತಿಳಿದು ಬಂದ ದಾರಿಯಲ್ಲೇ ಹಿಂದಿರುಗಿ.

ಕಡಲಕರೆ (ಉಡುಪಿ):

ಹೊಸಬರನ್ನು ಹೆಚ್ಚು ಕಾಡುವುದು ಬಿಳಿ ಹಕ್ಕಿಗಳು. ಗದ್ದೆಗೆ ಇಳಿದವನ್ನೆಲ್ಲ ಬೆಳ್ಳಕ್ಕಿ ಎಂದು ಬಿಡುತ್ತೇವೆ. ಕೊಕ್ಕು ಮತ್ತು ಪಾದ ನೋಡಿ. ದನಗಳ ಹಿಂದೆ, ಟ್ರ್ಯಾಕ್ಟರ್ ಹಿಂದೆ ನಡೆಯುವ ಗಿಡ್ಡ ಕತ್ತಿನದಕ್ಕೆ ಹಳದಿ ಕೊಕ್ಕು. ಮರಿ ಮಾಡುವ ಕಾಲದಲ್ಲಿ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಕಪ್ಪು ಕೊಕ್ಕು, ಕಪ್ಪು ಕಾಲು, ಆದರೆ ಹಳದಿ ಪಾದ ಇದ್ದರೆ ಅದು ಚಿಕ್ಕ ಬೆಳ್ಳಕ್ಕಿ. ಹೊಳೆಯಲ್ಲಿ ಒಂದು ಕಾಲನ್ನು ಕೆಸರಿನಲ್ಲಿ ಅಲುಗಾಡಿಸಿ ಮೀನುಗಳನ್ನು ಎಬ್ಬಿಸುವುದನ್ನು ನೋಡಿ. ಎತ್ತರದ ದೊಡ್ಡ ಬೆಳ್ಳಕ್ಕಿಗೆ ಬಾಯಿಯ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ, ಮಧ್ಯಮ ಗಾತ್ರದ್ದಕ್ಕೆ ಕಣ್ಣಿನ ಕೆಳಗೇ ನಿಲ್ಲುತ್ತದೆ. ಇವೆರಡರ ಹಳದಿ ಕೊಕ್ಕು ಮರಿ ಮಾಡುವ ಕಾಲದಲ್ಲಿ ಕಪ್ಪಾಗುವುದುಂಟು, ಹಾಗಾಗಿ ಆಗ ಕೊಕ್ಕಿನ ಬಣ್ಣವೊಂದನ್ನೇ ನೆಚ್ಚುವಂತಿಲ್ಲ.

ಇನ್ನು ಕೊಳದ ಬಕ. ಕೂತಾಗ ಕಂದು ಗೆರೆಗಳ ಮಾಸಲು ಹಕ್ಕಿ, ಕೆಸರಿನಲ್ಲಿ ಇದೆಯೋ ಇಲ್ಲವೋ ತಿಳಿಯದು. ಹಾರಿದ ಕ್ಷಣ ಎರಡೂ ರೆಕ್ಕೆ ಅಚ್ಚ ಬಿಳಿ!

ಹದ್ದು ಮತ್ತು ಗರುಡ ಸುಲಭ ಎಂದುಕೊಳ್ಳುತ್ತೇವೆ. ಬೆಳೆದ ಗರುಡಕ್ಕೆ ಬಿಳಿ ತಲೆ, ಇಟ್ಟಿಗೆ ಕೆಂಪು ರೆಕ್ಕೆ. ಯಾವ ಗೊಂದಲವೂ ಇಲ್ಲ. ಎಳೆಯ ಗರುಡ ಮಾತ್ರ ಪೂರ್ತಿ ಕಂದು, ಹದ್ದಿನ ಹಾಗೆಯೇ. ಬಾಲ ನೋಡಿ. ಹದ್ದಿಗೆ ಕವಲು, ಗರುಡಕ್ಕೆ ದುಂಡು. ಹದ್ದು ಬಾಲ ಹರಡಿದಾಗ ಕವಲು ಕಾಣದಂತಾಗುತ್ತದೆ, ಸ್ವಲ್ಪ ಕಾಯಬೇಕು.

ಶಾಲೆಮೇಷ್ಟರು (ಚಿತ್ರದುರ್ಗ ಜಿಲ್ಲೆ):

ಮಕ್ಕಳ ಜೊತೆ ಹಕ್ಕಿ ನೋಡುವವನಾಗಿ ನನ್ನದೊಂದು ಸಲಹೆ: ಒಂದೇ ಮರವನ್ನು ಆರಿಸಿಕೊಳ್ಳಿ. ನಮ್ಮ ಶಾಲೆಯಲ್ಲಿ ಗಸಗಸೆ ಹಣ್ಣಿನ ಮರವಿದೆ, ಸಿಂಗಪುರ ಚೆರ್ರಿ ಎಂದೂ ಕರೆಯುತ್ತಾರಲ್ಲ, ಅದು. ವರ್ಷವಿಡೀ ಹಣ್ಣು ಬಿಡುವುದರಿಂದ ಪಿಕಳಾರ, ಕೋಗಿಲೆ, ಕಂಚುಗಾರ, ಬೆರಳುದ್ದದ ಹೂಕುಟುಕ ಎಲ್ಲ ಬರುತ್ತವೆ. ಮಕ್ಕಳು ಹೆಸರು ಬರೆಯುವುದಿಲ್ಲ, ಚಿತ್ರ ಬರೆಯುತ್ತಾರೆ: ಕೊಕ್ಕು ಹೇಗಿತ್ತು, ಎಲ್ಲಿ ಕೆಂಪು, ಎಲ್ಲಿ ಬಿಳಿ. ಚಿತ್ರ ಬರೆಯಲು ಹೊರಟಾಗಲೇ ತಾವು ಏನನ್ನು ನೋಡಿಲ್ಲ ಎಂಬುದು ಅವರಿಗೆ ಹೊಳೆಯುತ್ತದೆ, ಮತ್ತೆ ಓಡಿ ಹೋಗಿ ನೋಡುತ್ತಾರೆ. ಎರಡು ಬಗೆಯ ಪಿಕಳಾರಗಳನ್ನು ಅವರು ಬೇರ್ಪಡಿಸಿದ್ದೇ ಹೀಗೆ. ಬಾಲದ ಬುಡದ ಕೆಂಪು ಎರಡಕ್ಕೂ ಇದೆ, ಅದರಿಂದ ಉಪಯೋಗವಿಲ್ಲ. ಚೂಪು ಜುಟ್ಟು, ಕೆನ್ನೆಯ ಕೆಂಪು ಚುಕ್ಕೆ, ಬಿಳಿ ಹೊಟ್ಟೆ ಇದ್ದರೆ ಕೆಮ್ಮೀಸೆ ಪಿಕಳಾರ. ಮೈಯೆಲ್ಲ ಹೊಗೆ ಬಣ್ಣ, ತಲೆ ಕಪ್ಪು, ಹಾರುವಾಗ ಬೆನ್ನಿನ ಕೊನೆಯಲ್ಲಿ ಬಿಳಿ ಕಂಡರೆ ಇನ್ನೊಂದು.

ದೊಡ್ಡವರಿಗೆ ಇ-ಬರ್ಡ್ ಇದೆ, ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ. ಎಲ್ಲಿ, ಎಷ್ಟು ಹೊತ್ತು, ಎಷ್ಟು ದೂರ ನಡೆದು, ಯಾವ ಯಾವ ಹಕ್ಕಿ ಎಷ್ಟೆಷ್ಟು ಕಂಡಿರಿ ಎಂದು ತುಂಬಬೇಕು. ಕಾಗೆ, ಪಾರಿವಾಳಗಳನ್ನೂ ಬಿಡದೆ ಬರೆಯಿರಿ. ಸಾಮಾನ್ಯ ಹಕ್ಕಿ ಕಡಿಮೆಯಾಗುತ್ತಿದೆಯೇ ಎಂದು ಮುಂದೆ ತಿಳಿಯುವುದು ಇಂತಹ ಪಟ್ಟಿಗಳಿಂದಲೇ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ತಾರಸಿಯಲ್ಲಿ ಕೂತು ಎಣಿಸಿದರೂ ಅದು ಪೂರ್ಣ ಪ್ರಮಾಣದ ದಾಖಲೆಯೇ.

ಮಲ್ಲಿಗೆಬಳ್ಳಿ (ಹಾಸನ):

ಸಂದರ್ಭ ಬಂದಿದ್ದರಿಂದ ಕೇಳುತ್ತೇನೆ. ನಮ್ಮ ಜಗಲಿಯ ತಂತಿಗೆ ಸೂರಕ್ಕಿ ಚೀಲದಂತಹ ಗೂಡು ಕಟ್ಟಿದೆ. ಬಾಗಿಲಿಗೆ ಪುಟ್ಟ ಸೂರು ಕೂಡ ಇದೆ. ಪರಿಚಿತರೊಬ್ಬರು ಚಿತ್ರ ತೆಗೆಯಲು ಅಡ್ಡವಿರುವ ಮಲ್ಲಿಗೆ ಬಳ್ಳಿಯನ್ನು ಸ್ವಲ್ಪ ಸವರಲು ಹೇಳುತ್ತಿದ್ದಾರೆ. ಸವರಬಹುದೇ?

ಮಸೂರ:

ಖಂಡಿತ ಬೇಡ. ಕ್ಯಾಮೆರಾ ಹಿಡಿಯುವವನಾಗಿಯೇ ಹೇಳುತ್ತಿದ್ದೇನೆ. ಆ ಬಳ್ಳಿಯೇ ಗೂಡಿಗೆ ನೆರಳು, ಅದೇ ಮರೆ. ಸವರಿದ ಮರುದಿನವೇ ಕಾಗೆಯೋ ಕೆಂಬೂತವೋ ಮರಿಗಳನ್ನು ಕಚ್ಚಿಕೊಂಡು ಹೋಗಬಹುದು. ಆ ಗೂಡನ್ನು ನಾರು, ಒಣಗಿದ ತೊಗಟೆಯ ಚೂರು, ಜೇಡರ ಬಲೆಯ ಎಳೆ ಸೇರಿಸಿ ಹೆಣ್ಣು ಹಕ್ಕಿ ಕಟ್ಟಿದೆ. ಕಾವು ಕೂರುವುದು ಎರಡು ವಾರದ ಆಸುಪಾಸು. ಆಮೇಲೆ ಗಂಡೂ ಸೇರಿ ಮರಿಗಳಿಗೆ ಉಣಿಸುತ್ತದೆ. ಅಷ್ಟು ದಿನ ಜಗಲಿಯ ಬಾಗಿಲು ಬಿಟ್ಟು ಬೇರೆ ಬಾಗಿಲಿನಿಂದ ಓಡಾಡಲು ಆಗುವುದಾದರೆ ಹಾಗೆ ಮಾಡಿ. ಒಳಗಿನಿಂದ ಕಿಟಕಿಯ ಪರದೆಯ ಹಿಂದೆ ಕೂತು ನೋಡಿ. ಗೂಡಿನ ಚಿತ್ರ ಯಾರಿಗೂ ಅಗತ್ಯವಿಲ್ಲ.

ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಅದನ್ನು ಹತ್ತಿರಕ್ಕೆ ಕರೆಯುವುದೂ ಇದೇ ಜಾತಿಯ ತಪ್ಪು. ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡು ನುಗ್ಗಿದೆ ಎಂದು ತಿಳಿದು ಅದು ಮೇವು ಬಿಟ್ಟು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ನಮಗೆ ಸಿಗುವುದು ಒಂದು ಚಿತ್ರ. ಅದು ಕಳೆದುಕೊಳ್ಳುವುದು ಬೆಳಗಿನ ಮೇವಿನ ಹೊತ್ತು.

ಮಲ್ಲಿಗೆಬಳ್ಳಿ:

ಬಳ್ಳಿ ಹಾಗೆಯೇ ಇರುತ್ತದೆ. ಹಿತ್ತಿಲ ಬಾಗಿಲನ್ನೇ ಬಳಸುತ್ತೇವೆ.

ಹೊಸನೋಟ:

ಇಷ್ಟು ಪ್ರೀತಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ರಂಗನತಿಟ್ಟು, ಕೊಕ್ಕರೆಬೆಳ್ಳೂರು ಎರಡೂ ನಮಗೆ ಹತ್ತಿರ. ಯಾವಾಗ ಹೋದರೆ ಒಳ್ಳೆಯದು? ಇನ್ನೊಂದು ಪ್ರಶ್ನೆಯೂ ಇದೆ. ನಮ್ಮ ದಾಸವಾಳಕ್ಕೆ ಬರುವ ಒಂದು ಪುಟ್ಟ ಹಕ್ಕಿ: ಗುಬ್ಬಿಗಿಂತ ಚಿಕ್ಕದು, ಬಾಗಿದ ಕೊಕ್ಕು, ಹೊಟ್ಟೆ ತಿಳಿ ಹಳದಿ, ಬೆನ್ನು ಮಾಸಲು ಹಸಿರು, ಗಂಟಲಿನಿಂದ ಹೊಟ್ಟೆಯವರೆಗೆ ನಡುವೆ ಒಂದು ಕಪ್ಪು ಗೆರೆ. ಈ ಬಾರಿ ಬಣ್ಣವನ್ನು ಕೊನೆಯಲ್ಲೇ ನೋಡಿದ್ದೇನೆ.

ಕೆರೆಏರಿ:

ರಂಗನತಿಟ್ಟಿಗೆ ಜನವರಿಯಿಂದ ಬೇಸಿಗೆಯ ಮೊದಲ ಭಾಗದವರೆಗೆ, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆಗಳನ್ನು ಇಷ್ಟು ಹತ್ತಿರದಿಂದ ನೋಡಲು ಸಿಗುವ ಜಾಗ ಅಪರೂಪ. ಸಲೀಂ ಅಲಿಯವರು ಮೈಸೂರು ಅರಸರಿಗೆ ಒತ್ತಾಯಿಸಿದ್ದರಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. ಕೊಕ್ಕರೆಬೆಳ್ಳೂರು ಬೇರೆಯೇ ಅನುಭವ. ಅಲ್ಲಿ ಬೇಲಿಯಿಲ್ಲ, ದೋಣಿಯಿಲ್ಲ. ಊರ ನಡುವಿನ ಹುಣಸೆ ಮರಗಳಲ್ಲಿ, ಮನೆಗಳ ಮಾಡಿನ ಮೇಲೆ ಚಾಚಿದ ಕೊಂಬೆಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಫೆಬ್ರುವರಿ, ಮಾರ್ಚಿಯಲ್ಲಿ ಹೋದರೆ ಗೂಡುಗಳು ತುಂಬಿರುತ್ತವೆ. ಆ ಮರಗಳು ಊರಿನವರ ಸ್ವಂತದವು. ಹುಣಸೆ ಫಸಲಿನ ನಷ್ಟ, ಅಂಗಳಕ್ಕೆ ಬೀಳುವ ಹಿಕ್ಕೆ, ಮೀನಿನ ನಾತ ಎಲ್ಲವನ್ನೂ ಸಹಿಸಿ ಅವರು ಹಕ್ಕಿಗಳನ್ನು ಉಳಿಸಿಕೊಂಡಿದ್ದಾರೆ. ಅಂಗಳಕ್ಕೆ ಕಾಲಿಡುವ ಮುಂಚೆ ಮನೆಯವರನ್ನು ಕೇಳಿ, ಅವರ ಜೊತೆ ಕೂತು ಮಾತಾಡಿ. ಹಕ್ಕಿ ಯಾವ ತಿಂಗಳು ಬರುತ್ತದೆ, ಯಾವ ವರ್ಷ ತಡ ಮಾಡಿತು ಎಂಬುದೆಲ್ಲ ಅವರಿಗೆ ಬಾಯಿಪಾಠ.

ದಾಸವಾಳದ ಹಕ್ಕಿ ಸಿಕ್ಕಿತು. ಅದು ನೇರಳೆ ಸೂರಕ್ಕಿಯ ಗಂಡು. ಮರಿ ಮಾಡುವ ಕಾಲ ಮುಗಿದ ಮೇಲೆ ಹೊಳೆಯುವ ಕಡು ನೇರಳೆ ಗರಿಗಳನ್ನು ಉದುರಿಸಿ ಹೆಣ್ಣಿನಂತೆ ಮಾಸಲು ಬಣ್ಣ ತಾಳುತ್ತದೆ; ಉಳಿಯುವ ಆ ನಡುಗೆರೆಯೇ ಅದರ ಗುರುತು. ಹೆಣ್ಣಿಗೆ ಗೆರೆ ಇರುವುದಿಲ್ಲ. ಬಿಡದೆ ನೋಡುತ್ತಿರಿ. ಆ ಗೆರೆಯ ಅಕ್ಕಪಕ್ಕದಲ್ಲಿ ಅಲ್ಲೊಂದು ಇಲ್ಲೊಂದು ಹೊಳೆಯುವ ನೇರಳೆ ಗರಿ ಮೂಡತೊಡಗಿದ ದಿನ ಇಲ್ಲಿ ಬರೆಯಿರಿ. ಹಾಸನದಲ್ಲಿ, ತೀರ್ಥಹಳ್ಳಿಯಲ್ಲಿ ಯಾವಾಗ ಮೂಡುತ್ತವೆ ಎಂಬುದನ್ನು ಉಳಿದವರೂ ತಿಳಿಸಿದರೆ ಊರೂರಿನ ವ್ಯತ್ಯಾಸ ನಮಗೆ ಗೊತ್ತಾಗುತ್ತದೆ.